ಪೆದ್ದಮ್ಮನ ಸೆರಗು ಮತ್ತು ನಾನು ಮಾಡಿದ ದೀಪ

ಎಣ್ಣೆ ಡಬ್ಬದ ತಗಡಿಗೆ ಬೆಂಕಿ ತಾಗಿದರೆ ಒಂದು ಕಮಟು ವಾಸನೆ ಏಳುತ್ತದೆ. ಎಷ್ಟು ತೊಳೆದರೂ ಮೂಲೆಯಲ್ಲಿ ಉಳಿದ ಶೇಂಗಾ ಎಣ್ಣೆ ಸೀದು ಬರುವ ವಾಸನೆ ಅದು. ಮೊನ್ನೆ ಚಳ್ಳಕೆರೆಯಲ್ಲಿ ತಗಡಿನ ಕೆಲಸದವನೊಬ್ಬ ಅಂಗಡಿ ಮುಂದೆ ಕೂತು ಡಬ್ಬಕ್ಕೆ ಬೆಸುಗೆ ಹಾಕುತ್ತಿದ್ದ. ವಾಸನೆ ಮೂಗಿಗೆ ಬಡಿದದ್ದೇ ತಡ, ಹೋದ ಕೆಲಸ ಮರೆತು ನಿಂತುಬಿಟ್ಟೆ. ಮೊಳಕಾಲ್ಮೂರಿನ ಆ ಮನೆ, ಆ ಮಗ್ಗ, ಪೆದ್ದಮ್ಮ...

ಆಗ ದೀಪ ಮಾಡುವುದೇ ನನ್ನ ಉದ್ಯೋಗ. ಕಡಿಮೆ ಕರೆಂಟಿನಲ್ಲಿ ಕಣ್ಣಿಗೆ ಹಿತವಾದ ಬೆಳಕು ಮಾಡು, ಮಗ್ಗದ ಮನೆಗಳಲ್ಲಿ ಹಾಕು, ನೇಯುವವರಿಗೆ ಅದರಿಂದ ಏನಾಗುತ್ತದೆ ಅಳೆದು ನೋಡು ಎಂದು ನಮ್ಮ ಸಂಸ್ಥೆಯವರು ನನ್ನನ್ನು ಮೊಳಕಾಲ್ಮೂರಿಗೆ ಅಟ್ಟಿದ್ದರು. ತೆಲುಗು ಮನೆಮಾತಿನ ನೇಕಾರರೊಬ್ಬರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯ ಹಿರಿಯಾಕೆಯನ್ನು ಬೀದಿಯವರೆಲ್ಲ ಪೆದ್ದಮ್ಮ, ಅಂದರೆ ದೊಡ್ಡಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ‘ನಾಯನಾ’ ಎನ್ನುತ್ತಿದ್ದರು. ತೆಲುಗಿನವರು ಮಗನನ್ನು ಕರೆಯುವ ಮಾತು ಅದು. ಬೈಯುವುದೂ ಮಗನನ್ನು ಬೈದಂತೆಯೇ.

ಮನೆಯಲ್ಲಿ ಅವರು ಮತ್ತು ಸೊಸೆ. ಮಗ ರೇಷ್ಮೆ ತರಲು, ಸೀರೆ ಮಾರಲು ಊರೂರು ತಿರುಗುತ್ತಿದ್ದ. ಆ ಮನೆಯಲ್ಲೊಂದು ಪದ್ಧತಿ ಇತ್ತು. ಸೀರೆಯ ಒಡಲನ್ನು ಯಾರು ಬೇಕಾದರೂ ನೇಯಬಹುದು, ಗಿಣಿಗಳಿರುವ ಸೆರಗನ್ನು ಮಾತ್ರ ಮನೆಯ ಹಿರಿಯ ಹೆಣ್ಣೇ ನೇಯಬೇಕು. ಸೆರಗಿನ ಪಾಳಿ ಬಂದಾಗ ಸೊಸೆ ಎದ್ದು, ಪೆದ್ದಮ್ಮ ಮಗ್ಗಕ್ಕೆ ಕೂರುತ್ತಿದ್ದರು. ‘ಪೆದ್ದಮ್ಮನ ಕೈಯ ಸೆರಗು’ ಎಂದೇ ಕೇಳಿಕೊಂಡು ಬರುವವರಿದ್ದರು, ಪೆದ್ದಮ್ಮನಿಗೂ ಆ ಜಂಬ ಚೆನ್ನಾಗಿಯೇ ಇತ್ತು.

ಹಳೆಯ ಟ್ಯೂಬ್‌ಲೈಟು ನೇಯುವವರ ಬೆನ್ನ ಹಿಂದಿತ್ತು. ಕೂತವರ ನೆರಳು ಅವರ ಕೈಮೇಲೇ ಬೀಳುತ್ತಿತ್ತು. ಹೊತ್ತಿಳಿದರೆ ಇಬ್ಬರಿಗೂ ತಲೆನೋವು, ಕಣ್ಣುರಿ. ನಾನು ಚಿಕ್ಕದೊಂದು ಎಲ್‌ಇಡಿ ದೀಪವನ್ನು ಮಗ್ಗದ ಎಡಕ್ಕೆ ತಗ್ಗಿಸಿ ಕಟ್ಟಿದೆ. ಬೆಳಕು ಅಡ್ಡಲಾಗಿ ಹರಿದರೆ ಒಂದೊಂದು ಎಳೆಯೂ ಬೇರೆಬೇರೆ ಕಾಣುತ್ತದೆ. ಕಣ್ಣಿಗೆ ಹೊಡೆಯದಿರಲಿ ಎಂದು ಎಣ್ಣೆ ಡಬ್ಬದ ತಗಡು ಕತ್ತರಿಸಿ ಅದಕ್ಕೊಂದು ಮರೆ ಮಾಡಿದೆ. ಅಂಗಳದಲ್ಲಿ ಬೆಸುಗೆ ಹಾಕುವಾಗ ಮನೆಯೆಲ್ಲ ವಾಸನೆ.

“ಏನ್ ನಾಯನಾ, ದೀಪ ಮಾಡಾಕ್ ಬಂದೀಯೋ, ಬೋಂಡ ಕರಿಯಾಕ್ ಬಂದೀಯೋ?” ಎಂದರು ಪೆದ್ದಮ್ಮ.

ಆಮೇಲೆ ಅಳೆಯುವ ಕೆಲಸ. ಮೀಟರಿನಲ್ಲಿ ಬೆಳಕು ನೋಡುವುದು, ದಿನಾ ತಲೆನೋವು ವಿಚಾರಿಸುವುದು, ನೇಯ್ದ ಬಟ್ಟೆಯಲ್ಲಿ ತಪ್ಪಿದ ಎಳೆ ಹುಡುಕುವುದು. ಕರೆಂಟು ಮೊದಲಿಗಿಂತ ಎಷ್ಟೋ ಕಡಿಮೆ ಸಾಕಾಯಿತು. ಸೊಸೆಯ ತಲೆನೋವು ಹೋಯಿತು. ಪೆದ್ದಮ್ಮನ ಸೆರಗಿನಲ್ಲಂತೂ ಹುಡುಕಿದರೂ ತಪ್ಪಿಲ್ಲ. ವಯಸ್ಸಾದ ಕಣ್ಣಿಗೂ ಈ ದೀಪ ಹೊಂದುತ್ತದೆ ಎಂದು ವರದಿ ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆದರೆ ಅದೇ ಪೆದ್ದಮ್ಮ ಚಹಾವನ್ನು ಲೋಟದ ಪಕ್ಕಕ್ಕೆ ಸುರಿಯುತ್ತಿದ್ದರು. ಒಂದು ದಿನ ಹೊಸ್ತಿಲು ಎಡವಿ ಬಿದ್ದು ಮೊಣಕಾಲು ತರಚಿಕೊಂಡರು. ಎತ್ತಿ ಕೂರಿಸಿ ಮುಖ ನೋಡಿದೆ. ಎರಡೂ ಕಣ್ಣಿನ ಪಾಪೆ ಬೆಳ್ಳಗಾಗಿತ್ತು. ಪೊರೆ ಬಂದಿದೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ.

“ಇಷ್ಟ್ ದಿನ ಬೆಳಕು ಸಾಲ್ದು ಅಂತಿದ್ದೆ, ಯಾರೂ ಏನೂ ಅಂತಿರ್ಲಿಲ್ಲ. ನೀನು ಬೆಳಕು ತಂದಿಟ್ಟೆ. ಇನ್ನ ಏನಂತ ಹೇಳ್ಲಿ ನಾಯನಾ?”

ಕಣ್ಣು ಹೋಯಿತೆಂದರೆ ಸೆರಗೂ ಹೋಗುತ್ತದೆ ಎಂಬ ಹೆದರಿಕೆ ಅವರಿಗೆ. ಅಷ್ಟರಲ್ಲಿ ಅವರೇ ಸೆಟೆದು ಕೂತು, ಕಣ್ಣು ಮಂಜಾದರೇನು, ಬೆರಳಿಗೆ ಎಲ್ಲ ಗೊತ್ತೈತೆ, ನೀನೇ ನೋಡಿದೆಯಲ್ಲ, ಒಂದಾದರೂ ತಪ್ಪು ಸಿಕ್ಕಿತಾ ಎಂದು ಸವಾಲು ಹಾಕಿದರು. ಇಲ್ಲವೆಂದೆ. ಒಲೆ ಮುಂದಿದ್ದ ಸೊಸೆ ಇತ್ತ ತಿರುಗಲಿಲ್ಲ.

ಆಪರೇಷನ್ ಮಾಡಿಸಲೇಬೇಕೆಂದು ಹಟ ಹಿಡಿದದ್ದು ಮಾತ್ರ ಅವಳೇ. ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಒಂದಾದ ಮೇಲೊಂದು ಕಣ್ಣಿನ ಪೊರೆ ತೆಗೆಸಿದೆವು. ಮುಗಿದಿದ್ದ ಸೀರೆ ಅಲ್ಲಿಯವರೆಗೆ ಮಗ್ಗದಲ್ಲೇ ಸುತ್ತಿಕೊಂಡಿತ್ತು. ಪೆದ್ದಮ್ಮನೇ ನೋಡಲಿ ಎಂದು ಒಂದು ಸಂಜೆ ಅದನ್ನು ಮಗ್ಗದಿಂದ ಕೊಯ್ದು ಇಳಿಸಿ, ದೀಪದ ಕೆಳಗೆ ಸೆರಗು ಹಾಸಿದೆವು.

ಗಿಣಿಗಳನ್ನು ನೋಡಿ ಮಗುವಿನ ಹಾಗೆ ನಕ್ಕರು. ಆಮೇಲೆ ಬಗ್ಗಿದರು. ಎಳೆ ಕೂರಿಸುವ ಅವರ ಹೊಡೆತ ಬಿಗಿ, ಅವರು ನೇಯ್ದ ಬಟ್ಟೆ ಗಟ್ಟಿ. ಆದರೆ ಅಡ್ಡ ಬೆಳಕಿನಲ್ಲಿ ಸೆರಗಿನ ಉದ್ದಕ್ಕೂ ಬಿಗಿಯಾದ ಪಟ್ಟಿಯೊಂದು, ಸಡಿಲವಾದ ಪಟ್ಟಿಯೊಂದು, ಹೀಗೆ ಸಾಲಾಗಿ ಕಾಣುತ್ತಿತ್ತು. ಎಷ್ಟೋ ಸಲ ಆ ಬಟ್ಟೆ ನೋಡಿದ್ದ ನನಗೂ ಆಗಲೇ ಅದು ಕಂಡದ್ದು. ಪೆದ್ದಮ್ಮ ಮೆಲ್ಲಗೆ ಬೆರಳಾಡಿಸಿದರು.

“ಇದು ನನ್ ಕೈ... ಇದು ನಂದಲ್ಲ... ಇದು ನಂದು... ಇದೂ ಅಲ್ಲ.”

ಸೊಸೆ ತಲೆ ತಗ್ಗಿಸಿ ಅಳತೊಡಗಿದಳು. ಪೆದ್ದಮ್ಮ ಬೆಳಿಗ್ಗೆ ಗುಡಿಗೆ ಹೋದ ಹೊತ್ತಿನಲ್ಲಿ, ಅವರು ತಪ್ಪಿ ನೇಯ್ದಷ್ಟನ್ನು ಬಿಚ್ಚಿ ಮತ್ತೆ ನೇಯ್ದು ಇಡುತ್ತಿದ್ದಳಂತೆ. ಆ ಹೊತ್ತಿನಲ್ಲಿ ಮಗ್ಗದ ಸದ್ದು ನನಗೂ ಕೇಳುತ್ತಿತ್ತು. ಮಗ್ಗದೂರಿನಲ್ಲಿ ಅದೇನು ಹೊಸದು ಎಂದು ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ನಾನು ಅಳೆದದ್ದೆಲ್ಲ ಸೊಸೆಯ ಕೆಲಸವನ್ನೇ.

ಪೆದ್ದಮ್ಮ ಸೆರಗನ್ನು ದೀಪದ ಹತ್ತಿರಕ್ಕೆ ಎಳೆದು ಒಂದೊಂದು ಗಿಣಿಯನ್ನೂ ಮತ್ತೆ ನೋಡಿದರು. ಅವರ ಮುಖ ನೋಡಲು ನನಗಾಗಲಿಲ್ಲ. ಕೊನೆಗೆ ಸೊಸೆಯ ಕೈ ಹಿಡಿದುಕೊಂಡು, “ಗಿಣಿ ಕೊಕ್ಕು ನನಗಿಂತ ನಿನಗೇ ಚೆಂದ ಬಂದೈತೆ. ಇನ್ನ ಸೆರಗು ನೀನೇ ನೇಯಮ್ಮಾ” ಎಂದರು.

ಈಗ ಕಣ್ಣು ಬಂದಿದೆಯಲ್ಲ, ಇನ್ನೂ ಕೆಲವು ವರ್ಷ ನೇಯಬಹುದಲ್ಲ ಎಂದು ನಾನು ಬಾಯಿ ಹಾಕಿದೆ. ನಿನಗೇನು ಗೊತ್ತು, ಸುಮ್ಮನಿರು ಎಂದು ಗದರಿದರು. ಮತ್ತೆಂದೂ ಅವರು ಮಗ್ಗಕ್ಕೆ ಕೂರಲಿಲ್ಲ. ಅದೇ ದೀಪದ ಕೆಳಗೆ ನೂಲು ಸುತ್ತಿಕೊಡುತ್ತಿದ್ದರು, ಸೊಸೆಯನ್ನೂ ನನ್ನನ್ನೂ ಎಂದಿನಂತೆ ಬೈಯುತ್ತಿದ್ದರು. ಆದರೆ ಸಂಕಟಪಟ್ಟರು, ಅದನ್ನು ನಾನು ಕಂಡಿದ್ದೇನೆ. ವರದಿಯಲ್ಲಿ ವಯಸ್ಸಾದ ಕಣ್ಣಿಗೂ ಹೊಂದುತ್ತದೆ ಎಂಬ ಮಾತನ್ನು ಹೊಡೆದುಹಾಕಿದೆ.

ಪೆದ್ದಮ್ಮ ತೀರಿಕೊಂಡು ವರ್ಷಗಳೇ ಆದವು. ಮೊನ್ನೆ ಚಳ್ಳಕೆರೆಯಲ್ಲಿ ಬಡಿದ ತಗಡಿನ ವಾಸನೆ ತಲೆಯಿಂದ ಹೋಗಲೇ ಇಲ್ಲ. ಮರುದಿನ ಬೈಕು ಹತ್ತಿ ಮೊಳಕಾಲ್ಮೂರಿಗೆ ಹೋದೆ. ಬಾಗಿಲಲ್ಲಿ ಗದರಲು ಯಾರೂ ಇಲ್ಲದ್ದು ಅಷ್ಟು ನೋಯಿಸುತ್ತದೆಂದು ಎಣಿಸಿರಲಿಲ್ಲ. ಸೊಸೆಯ ಕೂದಲಲ್ಲೂ ಬಿಳಿ ಇಣುಕಿದೆ. ಸೆರಗು ನೇಯುತ್ತಿದ್ದಳು. ಕೊಳ್ಳುವವರು ಏನೆನ್ನುತ್ತಾರೆ ಎಂದು ಕೇಳಿದೆ.

“ಈಗ್ಲೂ ಸೆರಗು ಹಿಡ್ದು ನೋಡಿ, ಇದು ಪೆದ್ದಮ್ಮನ ಕೈ ಅಂತಾರೆ” ಎಂದಳು. “ನಾನು ಹೌದು ಅಂತೀನಿ.”