ಒಲೆಯ ಒಳದಾರಿ

ಆ ಗುರುವಾರ ನಾನು ಮಾಡಿದ ಕೆಲಸ ಇಷ್ಟು. ಅಂಗಳ ಗುಡಿಸಿ ಸಗಣಿನೀರು ಹಾಕಿದ್ದು. ಎಮ್ಮೆ ಹಿಂಡಿದ್ದು, ಅವತ್ತು ಅದು ಒದೆಯಲಿಲ್ಲ. ಬಾವಿಯಿಂದ ಎಂಟು ಕೊಡ ನೀರು ತಂದದ್ದು. ಮಾವನವರ ಪಂಚೆ ಎರಡು, ನಮ್ಮೆಲ್ಲರ ಹೊದಿಕೆ ಒಗೆದದ್ದು. ಒಂದು ಮೊರ ಶೇಂಗಾ ಸುಲಿದದ್ದು. ಒಲೆ ಹಚ್ಚಿದ್ದು, ಕೆಮ್ಮು ತಡೆಯದೆ ಹೊರಗೆ ಬಂದು ಜಗಲಿಯ ಕಂಬ ಹಿಡಿದು ನಿಂತದ್ದು, ಮತ್ತೆ ಒಳಗೆ ಹೋದದ್ದು. ಇದು ನಾಲ್ಕು ಸಲ.

ಕೊನೆಯದು ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಅದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದೆ. ಹಾಗೆ ಬರೆದಿಡು ಅಂತ ಹೇಳಿದವರು ನ್ಯಾಮತಿಯ ಒಂದು ಹೆಣ್ಣುಮಗಳು. ನಮ್ಮ ಬಿಳಿಚೋಡಿನ ಹೆಂಗಸರು ಅವರನ್ನು ಒಲೆಯಕ್ಕ ಅಂತಿದ್ದರು. ಎಂಬತ್ತರ ದಶಕದಲ್ಲಿ ಹೊಗೆ ಇಲ್ಲದ ಒಲೆ ಅಂತ ಒಂದು ಬಂದಿತ್ತಲ್ಲ, ಮಣ್ಣಿನದು, ಮೂರು ಪಾತ್ರೆ ಇಡಲು ಮೂರು ಕುಳಿ ಇರುವಂಥದ್ದು, ಹಿಂದೆ ಸೂರಿನಾಚೆಗೆ ಹೊಗೆಕೊಳವೆ ಇರುವಂಥದ್ದು, ಅದನ್ನು ಹಾಕಿಕೊಡಲು ಕಲಿತು ಊರೂರು ತಿರುಗುತ್ತಿದ್ದರು. ಕೈಯಲ್ಲಿ ಒಂದು ಚೀಲ, ಅದರೊಳಗೆ ತಗಡಿನ ಅಚ್ಚುಗಳು, ಮಡಚಿ ಮಡಚಿ ಹರಿದುಹೋದ ಒಂದು ನಕ್ಷೆ, ಒಂದು ನೋಟ್‌ಬುಕ್ಕು. ನಕ್ಷೆಯನ್ನು ಅವರು ಯಾರಿಗೂ ಮುಚ್ಚಿಡುತ್ತಿರಲಿಲ್ಲ. ಬರೆದುಕೊಳ್ಳಿ, ನಿಮ್ಮ ತವರಲ್ಲೂ ಹಾಕಿಕೊಡಿ, ಏನಾದರೂ ಬದಲಾಯಿಸಿದರೆ ಮಾತ್ರ ನನಗೊಂದು ಕಾರ್ಡು ಹಾಕಿ ಅಂತಿದ್ದರು. ಉಬ್ರಾಣಿಯಲ್ಲಿ ಯಾರೋ ಒಲೆಯ ಬಾಯಿಗೆ ತಗಡಿನ ಬಾಗಿಲು ಮಾಡಿಸಿದ್ದರಂತೆ, ಹೊನ್ನಾಳಿಯಲ್ಲಿ ಯಾರೋ ಕೊನೆಯ ಕುಳಿಗೆ ನೀರಿನ ಹಂಡೆಯನ್ನೇ ಕೂರಿಸಿದ್ದರಂತೆ. ಎಲ್ಲವೂ ಆ ನೋಟ್‌ಬುಕ್ಕಿನಲ್ಲಿ ಇದ್ದವು, ಊರಿನ ಹೆಸರಿನ ಸಮೇತ.

ಶ್ರಾವಣದಲ್ಲಿ ನಮ್ಮ ಮನೆಗೆ ಹಾಕಿದ ಒಲೆ ಅದು. ನನಗೆ ಸಣ್ಣಂದಿನಿಂದ ಉಬ್ಬಸ. ಮದುವೆಯಾಗಿ ಬಂದ ಮೇಲೆ ಹತ್ತಿಕಟ್ಟಿಗೆ, ಕುಳ್ಳಿನ ಹೊಗೆಗೆ ಅದು ಹೆಚ್ಚಾಗಿ, ರಾತ್ರಿ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದೆ. ಹೊಸ ಒಲೆ ಬಂದ ಮೇಲೆ ಎರಡು ಮೂರು ತಿಂಗಳು ಎಲ್ಲರಂತೆ ಚಾಪೆಯ ಮೇಲೆ ಮಲಗಿದೆ. ದೀಪಾವಳಿ ಕಳೆದು ಕಾರ್ತಿಕ ಮುಗಿಯುವ ಹೊತ್ತಿಗೆ ಒಲೆಯ ಬಾಯಿಂದಲೇ ಹೊಗೆ ವಾಪಸು ಬರಲು ಶುರುವಾಯಿತು. ನನ್ನ ಗೋಡೆಯ ಜಾಗವೂ ವಾಪಸು ಬಂತು.

ಮನೆಯಲ್ಲಿ ಎಲ್ಲರಿಗೂ ಒಂದೊಂದು ಕಾರಣ ಗೊತ್ತಿತ್ತು. ಮಾವನವರು ಕೊಳವೆ ಗಿಡ್ಡ ಆಯಿತು ಅಂದರು. ಅದರ ಮೇಲೆ ಇನ್ನೊಂದು ತುಂಡು ಏರಿಸಿದರು. ನಮ್ಮ ಯಜಮಾನರು ಸೌದೆ ಹಸಿ ಅಂದರು. ಹೊಲದಿಂದ ತೊಗರಿಕಟ್ಟಿಗೆ ತಂದು ಒಟ್ಟಿದರು. ಅದೇ ದಿನ ಒಲೆಯ ಬಾಯಿಯನ್ನೂ ನಾಲ್ಕು ಬೆರಳು ಒಡೆದು ಅಗಲ ಮಾಡಿದರು. ಹೊಗೆ ಇನ್ನೂ ಜಾಸ್ತಿಯಾಯಿತು. ಅತ್ತೆಗೆ ಸಾಕಾಗಿಹೋಯಿತು. ಅವರಿಗೆ ಒಲೆಯ ಮೇಲೆ ಸಿಟ್ಟಿರಲಿಲ್ಲ, ಅದನ್ನು ದೇವರ ಗೂಡಿನಷ್ಟೇ ಚೊಕ್ಕ ಇಟ್ಟಿದ್ದರು. ಆದರೆ ಹೊಗೆ ತಿನ್ನುವುದೇ ಆದರೆ ಹಳೇ ಒಲೆಯ ಹೊಗೆಯನ್ನೇ ತಿನ್ನೋಣ, ಇದಕ್ಕೆ ಇಷ್ಟು ಜಾಗ ಯಾಕೆ ಕೊಡಬೇಕು ಅಂದರು. ಶುಕ್ರವಾರ ಒಲೆ ಒಡೆಯುವಂತಿಲ್ಲ, ಶನಿವಾರ ಅಮಾವಾಸ್ಯೆ. ಆದ್ದರಿಂದ ಗುರುವಾರ ಇಳಿಹೊತ್ತಿಗೆ ಒಡೆಯುವುದು ಅಂತ ನಿಂತಿತು. ಹಾರೆಯನ್ನು ತಂದು ಅಡಿಗೆಮನೆಯ ಬಾಗಿಲಿಗೆ ಒರಗಿಸಿದ್ದೂ ಆಯಿತು.

ನಾನು ವಾರದ ಹಿಂದೆಯೇ ಒಲೆಯಕ್ಕನಿಗೆ ಕಾರ್ಡು ಹಾಕಿದ್ದೆ. ಹೊಗೆ ಬರುತ್ತಿದೆ, ಬನ್ನಿ, ಅಷ್ಟೇ ಬರೆದಿದ್ದೆ. ಬಂದದ್ದು ಅವರಲ್ಲ, ಅವರ ಕಾರ್ಡು. ಅದರ ತುಂಬ ಪ್ರಶ್ನೆ. ಯಾವತ್ತಿನಿಂದ? ಯಾವ ಹೊತ್ತಿನಲ್ಲಿ? ಬಾಯಿಂದಲೋ, ಪಾತ್ರೆಯ ಸಂದಿಯಿಂದಲೋ? ಯಾವ ಸೌದೆಗೆ? ಹೊಗೆ ಶುರುವಾಗುವ ಮುಂಚೆ ಏನು ಬದಲಾಯಿಸಿದಿರಿ, ಆಮೇಲೆ ಏನು ಬದಲಾಯಿಸಿದಿರಿ? ದಿನಾ ಬರೆದಿಡು ತಂಗಿ, ನಾನು ಗುರುವಾರದ ಬಸ್ಸಿಗೆ ಬರುತ್ತೀನಿ.

ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿ ಜಗಳೂರು ಬಸ್ಸು ಹತ್ತಿ ನಮ್ಮೂರು ತಲುಪುವಾಗ ಮಧ್ಯಾಹ್ನ ದಾಟಿತ್ತು. ಬಂದವರು ಕೈಕಾಲು ತೊಳೆದು, ಮಜ್ಜಿಗೆ ಕುಡಿದು, ಮೊದಲು ನನ್ನ ಕ್ಯಾಲೆಂಡರಿನ ಹಿಂಬದಿ ಓದಿದರು. ಒಂದು ಸಾಲೂ ಬಿಡದೆ ಓದಿದರು. ನಾನು ಬರೆದದ್ದನ್ನು ಅಷ್ಟು ಗಮನ ಕೊಟ್ಟು ಅದುವರೆಗೆ ಯಾರೂ ಓದಿರಲಿಲ್ಲ.

ಬಾಗಿಲ ಬಳಿಯ ಹಾರೆ ನೋಡಿ ಅತ್ತೆಯ ಕಡೆ ತಿರುಗಿದರು. "ಅಮ್ಮಾರೆ, ನನ್ನ ಮೇಲಂತೂ ಅಲ್ಲ ತಾನೆ ಇದು?"

"ಸಂಜೆವರ್ಗೆ ಒಲೆ ಮ್ಯಾಲೆ. ಆಮೇಲೆ ನೋಡಾನ," ಅಂದರು ಅತ್ತೆ. ನಗಲಿಲ್ಲ.

ಕೊಳವೆ ಏರಿಸಿದ್ದು, ಸೌದೆ ಬದಲಾಯಿಸಿದ್ದು, ಬಾಯಿ ಒಡೆದದ್ದು ಮೂರನ್ನೂ ಮಾವನವರು ಹೆಮ್ಮೆಯಿಂದಲೇ ವಿವರಿಸಿದರು. ಒಲೆಯಕ್ಕ ಪೂರ್ತಿ ಕೇಳಿಸಿಕೊಂಡು, "ಮೂರನ್ನೂ ಒಂದೇ ದಿನ ಮಾಡಿದ್ರೆ, ಯಾವುದು ತನಗೆ ಒಗ್ಗಲಿಲ್ಲ ಅಂತ ಪಾಪ ಒಲೆ ಹೆಂಗೆ ಹೇಳಾಕೆ ಬರ್ತೈತ್ರಿ?" ಅಂದರು. ಮಾವನವರು ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದರು.

ಆಮೇಲೆ ಅವರು ಮಾಡಿದ್ದನ್ನು ನೋಡಿ ನಾನು ಬೆರಗಾದೆ. ರಿಪೇರಿ ಶುರು ಮಾಡಲಿಲ್ಲ; ನಮ್ಮ ರಿಪೇರಿಗಳನ್ನೆಲ್ಲ ತೆಗೆದರು. ಏರಿಸಿದ ತುಂಡನ್ನು ಇಳಿಸಿದರು. ಒಡೆದ ಬಾಯಿಗೆ ಮಣ್ಣು ಮೆತ್ತಿ, ನಕ್ಷೆ ಹಿಡಿದು ಅಳೆದು ಮೊದಲಿನಂತೆ ಮಾಡಿದರು. ಶ್ರಾವಣದಲ್ಲಿ ಉರಿಸಿದ್ದ ಹತ್ತಿಕಟ್ಟಿಗೆಯನ್ನೇ ತರಿಸಿದರು. ಹಚ್ಚಿದಾಗ ಹೊಗೆ ಬಂತು. ಅವರಿಗೆ ಸಮಾಧಾನವೇ ಆಯಿತು. ಈಗ ಇರೋದು ಒಂದೇ ತಪ್ಪು, ನಾಲ್ಕಲ್ಲ ಅಂದರು.

ಬೆಂಕಿ ಆರಿಸಿ, ಒಲೆ ಬೆಚ್ಚಗಿರುವಾಗಲೇ ದೇವರ ಗೂಡಿನಿಂದ ಒಂದು ಊದಿನಕಡ್ಡಿ ಕೇಳಿ ಪಡೆದರು. ಹಚ್ಚಿದ ಕಡ್ಡಿಯನ್ನು ಮೊದಲು ಕೊಳವೆಯ ಬುಡದಲ್ಲಿದ್ದ ಮಸಿ ತೆಗೆಯುವ ಕಿಂಡಿಗೆ ಹಿಡಿದರು. ಊದಿನಕಡ್ಡಿಯ ಹೊಗೆ ದಾರದಂತೆ ಎಳೆದುಕೊಂಡು ಒಳಗೆ ಹೋಯಿತು. ಕೊಳವೆ ಸರಿ ಐತೆ ಅಂದರು. ಮೂರನೇ ಕುಳಿಗೆ ಹಿಡಿದರು, ಹೋಯಿತು. ಎರಡನೇ ಕುಳಿಗೆ ಹಿಡಿದರು, ಹೋಯಿತು. ಒಂದೊಂದು ಸಲವೂ ಮಿಕ್ಕ ಕುಳಿಗಳನ್ನು, ಒಲೆಯ ಬಾಯನ್ನು ನನ್ನ ಕೈಲಿ ಮುಚ್ಚಿಸುತ್ತಿದ್ದರು. ಮೊದಲನೇ ಕುಳಿಗೆ ಹಿಡಿದಾಗ ಹೊಗೆ ಹೋಗಲಿಲ್ಲ, ಅಲ್ಲೇ ಸುತ್ತಿ ಅವರ ಮುಖಕ್ಕೆ ಬಂತು.

ಅಂದರೆ ಒಂದು ಮತ್ತು ಎರಡನೇ ಕುಳಿಯ ನಡುವಿನ ಒಳದಾರಿಯಲ್ಲಿ ಏನೋ ಇದೆ. ಟಾರ್ಚು ಬಿಟ್ಟು ನೋಡಿದೆವು. ಮಸಿ ಇಲ್ಲ, ಮಣ್ಣು ಕುಸಿದಿಲ್ಲ, ಇಲಿ ಗೂಡಿಲ್ಲ. ಕನ್ನಡಿಯಂತೆ ನುಣ್ಣಗೆ ಇತ್ತು. ಅಷ್ಟು ಚೊಕ್ಕ ಇರುವ ಜಾಗದ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಹೊತ್ತು ಇಳಿಯುತ್ತಿತ್ತು. ಯಜಮಾನರು ಒಮ್ಮೆ ಬಂದು ಹಾರೆಯನ್ನು ನೋಡಿ ಹೋದರು. ನನ್ನೆದೆ ಕುಯ್ಗುಡುತ್ತಿತ್ತು, ಅರ್ಧ ಹೊಗೆಗೆ, ಅರ್ಧ ಹೆದರಿಕೆಗೆ. ಒಲೆಯಕ್ಕ ಮಾತ್ರ ಗೋಡೆಗೆ ಒರಗಿ ನೆಲದ ಮೇಲೆ ಕೂತು, ಬೆಳಿಗ್ಗೆ ಎದ್ದಲ್ಲಿಂದ ಒಲೆಗೆ ಏನೇನು ಮಾಡುತ್ತೀರಿ ಅಂತ ಅತ್ತೆಯನ್ನು ಕೇಳಿದರು. ಅತ್ತೆ ಬೂದಿ ತೆಗೆಯುವುದು, ಸಾರಿಸುವುದು, ರಂಗೋಲಿ ಎಳೆಯುವುದು ಹೇಳಿದರು. ಸಾರಿಸದ ಒಲೆಗೆ ಬೆಂಕಿ ಇಡುವ ಮನೆ ನಮ್ಮ ಕಡೆ ಇರಲಿಲ್ಲ. ಹೇಳುವುದು ಬೇಡ, ದಿನಾ ಮಾಡುವಂತೆ ನನ್ನ ಮುಂದೆ ಮಾಡಿ ತೋರಿಸಿ ಅಂದರು ಒಲೆಯಕ್ಕ.

ಅತ್ತೆ ಸಗಣಿ, ಕೆಮ್ಮಣ್ಣು ಕಲಸಿದರು. ಒಲೆಯ ಮೈ ಸಾರಿಸಿದರು, ಕುಳಿಯ ಅಂಚು ಸಾರಿಸಿದರು. ಆಮೇಲೆ ಬಲಗೈಯ ಬಳೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟು, ಮೊದಲನೇ ಕುಳಿಯೊಳಗೆ ಕೈ ತೂರಿಸಿ ಒಳದಾರಿಯನ್ನೂ ಸುತ್ತ ಸವರಿದರು.

"ಬಳೆ ಯಾಕೆ ತೆಗೆದ್ರಿ ಅಮ್ಮಾರೆ?"

"ಬಳೆ ಹಾಯಂಗಿಲ್ಲ ಕಣವ್ವ."

"ಶ್ರಾವಣದಾಗೂ ತೆಗೀತಿದ್ರಾ?"

ಅತ್ತೆ ಪಕ್ಕಕ್ಕಿಟ್ಟ ಬಳೆಗಳ ಕಡೆ ನೋಡಿದರು. ಕೈ ಇನ್ನೂ ಒಲೆಯೊಳಗೇ ಇತ್ತು. "ಇಲ್ಲ," ಅಂದರು ನಿಧಾನಕ್ಕೆ. "ಆವಾಗ ಬಳೆ ಸಮೇತ ಹೋಗ್ತಿತ್ತು. ದೀಪಾವಳಿ ಆದಮೇಲೆ..."

ಒಲೆಯಕ್ಕ ಚೀಲದಿಂದ ಒಳದಾರಿಯ ತಗಡಿನ ಅಚ್ಚು ತೆಗೆದು ಕೊಟ್ಟರು. ಶ್ರಾವಣದಲ್ಲಿ ಅದರ ಸುತ್ತಲೇ ಮಣ್ಣು ಬಡಿದು ಆ ದಾರಿ ಮಾಡಿದ್ದು. ಅತ್ತೆ ತೂರಿಸಿ ನೋಡಿದರು. ದಾರಿಯ ಬಾಯಲ್ಲೇ ಸಿಕ್ಕಿ ನಿಂತಿತು. ದಿನಕ್ಕೊಂದು ಸಲ, ಹಬ್ಬಕ್ಕೆ ಎರಡು ಸಲ, ನಾಲ್ಕು ತಿಂಗಳು ಭಕ್ತಿಯಿಂದ ಸವರಿದ್ದು ಒಳದಾರಿಯನ್ನು ಅರ್ಧ ಮುಚ್ಚಿಬಿಟ್ಟಿತ್ತು.

ಅತ್ತೆಯ ಮುಖ ಇಳಿದುಹೋಯಿತು. ಸೊಸೆಯ ಮುಂದೆ, ಪರಊರಿನವರ ಮುಂದೆ. ನಾನಾಗಿದ್ದರೆ ಆ ಗೆಲುವಿನಲ್ಲಿ ಏನಾದರೂ ಅಂದುಬಿಡುತ್ತಿದ್ದೆನೇನೋ. ಒಲೆಯಕ್ಕ ನಕ್ಷೆಯನ್ನು ಬಿಡಿಸಿ ಅತ್ತೆಯ ಮುಂದೆ ಹಾಸಿದರು.

"ತಪ್ಪು ಇದರದ್ದು ಅಮ್ಮಾರೆ. ಇದನ್ನ ಬರೆದೋರು ಒಲೆ ಉರಿಸೋದು ನೋಡ್ಯಾರೆ, ಸಾರಿಸೋದು ನೋಡಿಲ್ಲ. ನೀವು ಕೈ ಹಾಕಿ ತೋರಿಸದಿದ್ರೆ ನನಗೂ ತಿಳೀತಿರಲಿಲ್ಲ."

ಅವರು ಅದನ್ನು ಸಮಾಧಾನಕ್ಕೆ ಹೇಳಿದ್ದಲ್ಲ. ಕೂಡಲೇ ನೋಟ್‌ಬುಕ್ಕು ತೆಗೆದು ಬರೆದರು: ದಿನಾ ಸಾರಿಸುವ ಮನೆಗೆ ಒಳದಾರಿ ಒಂದು ಬೆರಳು ಹೆಚ್ಚು ಅಗಲ ಇರಲಿ, ಅಮಾವಾಸ್ಯೆಗೊಮ್ಮೆ ಹೆರೆದು ಸಾರಿಸಬೇಕು, ಅಚ್ಚಿನಷ್ಟೇ ದಪ್ಪದ ಮರದ ಗುಂಡು ಪ್ರತಿ ಮನೆಯಲ್ಲಿ ಇರಲಿ, ಅದು ಹಾಯಬೇಕು. ಚನ್ನಗಿರಿಯಲ್ಲೂ ಎರಡು ಮನೆಯಿಂದ ಇದೇ ದೂರು ಬಂದಿದೆ, ಕೊಳವೆ ಬದಲಾಯಿಸಿ ಅಂತ ನಾನೇ ತಪ್ಪು ಹೇಳಿಬಿಟ್ಟಿದ್ದೆ, ಈಗ ಅವರಿಗೂ ಕಾರ್ಡು ಹಾಕಬೇಕು ಅಂದರು. ತನ್ನ ತಪ್ಪನ್ನು ಅಷ್ಟು ಸಲೀಸಾಗಿ, ಉಪ್ಪು ಕಡಿಮೆ ಆಯಿತು ಅನ್ನುವಂತೆ ಹೇಳಿದವರನ್ನು ನಾನು ಆಮೇಲೂ ಹೆಚ್ಚು ಜನ ಕಂಡಿಲ್ಲ.

ಹೆರೆಯುವ ಕೆಲಸ ಅತ್ತೆ ಯಾರಿಗೂ ಬಿಡಲಿಲ್ಲ. ಹಳೇ ಕುಡುಗೋಲು ಹಿಡಿದು ಕೂತರು. ಈರುಳ್ಳಿ ಸಿಪ್ಪೆಯಂತೆ ಪದರ ಪದರ ಬಂತು, ಹಬ್ಬಗಳದ್ದು ಕೆಂಪಗೆ, ದಿನದ್ದು ಬೂದಿಬಣ್ಣ. ಇದು ಗೌರಿಹಬ್ಬದ್ದು, ಇದು ಮಾನವಮಿ ಹಬ್ಬದ್ದು ಅಂತ ಅವರೇ ಗುರುತು ಹೇಳಿದರು. ಒಂದು ಪುಟ್ಟಿ ತುಂಬಿತು. ಅಚ್ಚು ಸಲೀಸಾಗಿ ಹಾಯ್ದಾಗ ಅದನ್ನು ಮೂರು ಸಲ ಹಾಯಿಸಿ ನೋಡಿದರು. ಆಮೇಲೆ ಒಲೆ ಹಚ್ಚು ಅಂತ ನನಗೆ ಹೇಳಿದರು.

ಬೆಂಕಿ ಒಳಮುಖವಾಗಿ ಬಾಗಿ ಉರಿಯಿತು. ನಾವು ಮೂವರೂ ಕಣ್ಣು ಬಿಟ್ಟುಕೊಂಡೇ ಅಡಿಗೆಮನೆಯಲ್ಲಿ ಕೂತಿದ್ದೆವು. ಹೊರಗಿನಿಂದ ಮಾವನವರು ಕೊಳವೆಯಿಂದ ಹೊಗೆ ಬರುತ್ತಿದೆ ಅಂತ ಕೂಗಿ ಹೇಳಿದರು. ಅತ್ತೆ ಹಾರೆಯನ್ನು ಎತ್ತಿ ಕೊಟ್ಟಿಗೆಗೆ ಒಯ್ದರು.

ಅವತ್ತು ಉಂಡದ್ದು ರಾಗಿಮುದ್ದೆ, ಹುರುಳಿ ಸಾರು, ಶೇಂಗಾ ಚಟ್ನಿ. ಒಲೆಯಕ್ಕನಿಗೆಂದು ಅತ್ತೆ ಕಾಯಿಸಿದ ಹಾಲಿಗೆ ಬೆಲ್ಲ ಹಾಕಿಕೊಟ್ಟರು. ಪಾತ್ರೆ ತೊಳೆಯಲು ನಾನು ಏಳುವಾಗ, ಬಿಡು, ಎಷ್ಟು ದಿನ ಆಯಿತು ನೀನು ನೆಲಕ್ಕೆ ಬೆನ್ನು ಹಾಕಿ ಅಂದರು ಅತ್ತೆ. ಅವರೂ ಒಲೆಯಕ್ಕನೂ ಒಲೆಯ ಮುಂದೆ ಕೂತು ಏನೋ ಮಾತಾಡುತ್ತಿದ್ದರು. ಮಾವನವರ ಊಟವೂ ಇನ್ನೂ ಮುಗಿದಿರಲಿಲ್ಲ. ಸೊಸೆಯಾದವಳು ಹಾಗೆ ಮಾಡಬಾರದು, ಆದರೂ ಆ ಮನೆಯಲ್ಲಿ ಅವತ್ತು ಮೊದಲು ನಿದ್ದೆ ಹೋದವಳು ನಾನೇ.