ತಲೆ ಕಾಯ್ದ ಹೆಲ್ಮೆಟ್ಟಿನ ಒಳಗೆ ದೇವಿ ತೋರಿಸಿದ್ದು

ದೇವಿಯನ್ನು ನಂಬಿ ನಡೆಯುವ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ,

ಕಳೆದ ವರ್ಷ ಸುಮಾರು ಎಂಟು ತಿಂಗಳು, ದಿನಾ ಬೆಳಿಗ್ಗೆ ಏಳೂಕಾಲಕ್ಕೆ, ಡೊಂಬಿವಲಿಯ ನಮ್ಮ ಮನೆಯ ಕಿಟಕಿಯಲ್ಲಿ ನಿಂತು ನಾನು ತೀರಿಹೋದ ನನ್ನ ಗಂಡನನ್ನು ನೋಡುತ್ತಿದ್ದೆ. ಅವರೂ ನನ್ನನ್ನು ನೋಡುತ್ತಿದ್ದರು. ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತೇನೆಂದು ದೇವಿಗೆ ಮಾತು ಕೊಟ್ಟದ್ದರಿಂದ ಬರೆಯುತ್ತಿದ್ದೇನೆ.

ನಮ್ಮವರು, ದಿವಾಕರ, ಶಹಾಡ್‌ನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ದಿನಾ ಮೋಟರ್ ಸೈಕಲಿನಲ್ಲೇ ಹೋಗಿಬರುವುದು. ಒಂದು ಸಂಜೆ ಯಾವುದೋ ಟ್ಯಾಂಕರಿನಿಂದ ಸೋರಿದ ಎಣ್ಣೆಯ ಮೇಲೆ ಚಕ್ರ ಜಾರಿ, ತಲೆ ಹೋಗಿ ಡಿವೈಡರಿಗೆ ಬಡಿಯಿತು. ಅವರು ಎದ್ದು, ಅಂಗಿ ಕೊಡವಿಕೊಂಡು, ಅದೇ ಗಾಡಿಯಲ್ಲಿ ಮನೆಗೆ ಬಂದರು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಇಲ್ಲ. ಹೆಲ್ಮೆಟ್ಟಿನ ಎಡಗಡೆ, ಕಿವಿಯ ಮೇಲ್ಭಾಗದಲ್ಲಿ, ಬಣ್ಣ ಹೋಗಿ ಒಂದು ಅಂಗೈಯಷ್ಟು ಬೆಳ್ಳಗಾಗಿತ್ತು.

ನಮ್ಮ ಅತ್ತೆ ಬಾಗಿಲಲ್ಲೇ ಆ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಇದು ಬರೀ ಟೊಪ್ಪಿ ಅಲ್ಲ ಮಾರಾಯ. ದೇವಿಯೇ ಕೂತು ಕಾಯ್ದದ್ದು. ಇನ್ನು ಇದನ್ನು ಬಿಟ್ಟು ಬೇರೆ ಹಾಕ್ಲಿಕ್ಕೆ ಇಲ್ಲ," ಎಂದು ದೇವರ ಗೂಡಿನ ಮುಂದೆ ಇಟ್ಟು ಕುಂಕುಮ ಹಚ್ಚಿದರು. ಅಲ್ಲಿಂದ ಪ್ರತಿ ಆಯುಧಪೂಜೆಗೆ ನನ್ನ ಹೊಲಿಗೆ ಯಂತ್ರ, ಮಿಕ್ಸಿ, ತರಕಾರಿಯ ಕತ್ತಿಯ ಜೊತೆ ಅದೂ ಕೂರುತ್ತಿತ್ತು. ನಾನು ಹೊರಗಿನಿಂದ ಒದ್ದೆಬಟ್ಟೆಯಲ್ಲಿ ಒರೆಸಿ, ಹೂ ಮುಡಿಸುತ್ತಿದ್ದೆ.

ಬಿದ್ದ ಮೇಲೆ ಇವರು ಒಂದು ಮಾತು ಹೇಳುತ್ತಿದ್ದರು: "ಶಾಲಿನಿ, ಇಲ್ಲಿ ಕಿವಿ ಮೇಲೆ ಎಂತದೋ ಒತ್ತುತ್ತದೆ." ನಾನು ಅವರ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ, ಸಣ್ಣ ದಿಂಬಿನ ಹಾಗೆ ಹೊಲಿದು, ಒಳಗಿನ ಮೆತ್ತೆಯ ಸಂದಿಯಿಂದ ತೂರಿಸಿಟ್ಟೆ. "ಈಗ ಸರಿ ಆಯ್ತು," ಎಂದರು. ನನಗೂ ಸಮಾಧಾನವಾಯಿತು.

ಮೂರು ವರ್ಷದ ನಂತರ ಒಂದು ದಿನ ಹೋಟೆಲಿನ ಗಲ್ಲಾದಲ್ಲಿ ಕೂತಲ್ಲೇ ಎದೆನೋವು ಬಂದು ಇವರು ಹೋಗಿಬಿಟ್ಟರು. ಹೆಲ್ಮೆಟ್ಟು ಹಾಲ್‌ನ ಮೊಳೆಯಲ್ಲಿ ಉಳಿಯಿತು. ಅದರ ಕಪ್ಪು ಗಾಜಿನಲ್ಲಿ ಇಡೀ ಹಾಲ್ ಸಣ್ಣದಾಗಿ ಕಾಣುತ್ತಿತ್ತು. ಟಿವಿ, ಕುರ್ಚಿ, ಅಕ್ಕಿ ಆರಿಸುತ್ತ ಕೂತ ನಾನು. ತಲೆ ಎತ್ತಿದಾಗಲೆಲ್ಲ ಅದರೊಳಗಿನ ನಾನೂ ತಲೆ ಎತ್ತುತ್ತಿದ್ದೆ. ನಾನು ಅದರ ಮುಖವನ್ನು ಗೋಡೆಗೆ ತಿರುಗಿಸಿಡುತ್ತಿದ್ದೆ. ಅತ್ತೆ ಮತ್ತೆ ಈಚೆ ತಿರುಗಿಸುತ್ತಿದ್ದರು.

ಮಗಳು ಅನುವಿಗೆ ಅಂಬರನಾಥದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಸ್ಕೂಟಿ ಬೇಡ, ಪಪ್ಪನ ಮೋಟರ್ ಸೈಕಲ್ಲೇ ಬೇಕೆಂದಳು. ಹೆಲ್ಮೆಟ್ಟೂ ಅದೇ.

"ನಿನಗದು ದೊಡ್ಡದಾಗ್ತದೆ," ಎಂದೆ.

"ಸ್ಕಾರ್ಫ್ ಕಟ್ಟಿ ಹಾಕ್ಕೊಳ್ತೇನೆ. ಮಮ್ಮಿ, ಪಪ್ಪಾ ಕಾ ಹೈ. ಲಕ್ಕಿ ಹೈ."

ಅತ್ತೆ ಖುಷಿಯಿಂದ ತಾವೇ ಮೊಳೆಯಿಂದ ಇಳಿಸಿಕೊಟ್ಟರು.

ನಾವಿರುವುದು ಮೊದಲ ಮಹಡಿ. ಅನು ಕೆಳಗೆ ಗಾಡಿ ಶುರು ಮಾಡಿ, ಕತ್ತೆತ್ತಿ ನನಗೆ ಟಾಟಾ ಮಾಡಿ, ಆಮೇಲೆ ಗೇಟಿನ ಕಡೆ ತಿರುಗುತ್ತಿದ್ದಳು. ಹೆಲ್ಮೆಟ್ಟು ಸಡಿಲವಾದ್ದರಿಂದ ಅವಳ ತಲೆ ಮೊದಲು ತಿರುಗುತ್ತಿತ್ತು, ಹೆಲ್ಮೆಟ್ಟು ಆಮೇಲೆ. ಆ ಅರೆಗಳಿಗೆ ಮಗಳು ನನ್ನನ್ನು ಬಿಟ್ಟು ರಸ್ತೆ ನೋಡುತ್ತಿದ್ದರೂ ಕಪ್ಪು ಗಾಜು ಮಾತ್ರ ನನ್ನ ಕಡೆಗೇ ಇರುತ್ತಿತ್ತು. ಹೊರಡುವ ಮನಸ್ಸಿಲ್ಲದವರು ಉಳಿದು ನೋಡುವ ಹಾಗೆ. ಇವರು ಹಾಗೆಯೇ ನೋಡುತ್ತಿದ್ದರು. ಮೊದಲ ದಿನ ಭಯವಾಯಿತು. ನಾಲ್ಕನೇ ದಿನದಿಂದ ನಾನು ಅದಕ್ಕಾಗಿಯೇ ಕಿಟಕಿಗೆ ಬರತೊಡಗಿದೆ. ಅನುವಿಗೆ ಸರಿಯಾದ ಅಳತೆಯದು ಕೊಡಿಸಬೇಕೆಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲವೆಂದು ದೇವಿಗೆ ಗೊತ್ತು.

ಸಂಜೆಯಾದರೆ ಬೇರೆಯೇ ಭಯ. ಎಂಐಡಿಸಿಯ ಕಾರ್ಖಾನೆಗಳ ರಾಸಾಯನಿಕದ ವಾಸನೆ ಗಾಳಿಗೆ ಬರುವ ಹೊತ್ತಿಗೆ, ರಸ್ತೆಯ ಪ್ರತಿ ಗಾಡಿಯ ಸದ್ದಿಗೂ ಕಿಟಕಿಗೆ ಓಡುತ್ತಿದ್ದೆ. ದೀಪ ಹಚ್ಚಿ ಕೇಳಿಕೊಳ್ಳುತ್ತಿದ್ದೆ: "ದೇವೀ, ಆ ಹೆಲ್ಮೆಟ್ಟಿನಿಂದ ನೀನು ಎದ್ದು ಹೋಗಬೇಡ. ಒಂದು ಸಲ ಕಾಯ್ದಿದ್ದೀ, ನನ್ನ ಮಗಳನ್ನೂ ಕಾಯಿ."

ನವರಾತ್ರಿಯ ಭಾನುವಾರ ಊಟವಾಗಿ, ಹಾಲ್‌ನಲ್ಲಿ ಚಾಪೆಯ ಮೇಲೆ ಜೋಂಪು ಹತ್ತಿತ್ತು. ಕನಸಿನಲ್ಲಿ ಇವರು ಬಾಗಿಲಲ್ಲಿ ನಿಂತಿದ್ದರು, ಹೆಲ್ಮೆಟ್ಟು ಹಾಕಿಕೊಂಡೇ. "ಒಳಗೆ ಬನ್ನಿ, ತೆಗೀರಿ ಅದನ್ನು," ಎಂದೆ. ಅವರು ಎಡಗಿವಿಯ ಮೇಲೆ ಬೆರಳಿನ ಗಿಣ್ಣಿನಿಂದ ತಟ್ಟಿದರು. ಟಕ್ ಟಕ್. ಮತ್ತೆ ತಟ್ಟಿದರು. ಎಚ್ಚರವಾದಾಗ ಅತ್ತೆ ಒಳಗೆ ಮಲಗಿದ್ದರು, ಅನುವೂ ಮಲಗಿದ್ದಳು, ಮೊಳೆಯಲ್ಲಿ ಹೆಲ್ಮೆಟ್ಟು ಈಚೆ ಮುಖ ಮಾಡಿತ್ತು.

ನಾನು ಊರಿನಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ನಾವು ಏನು ಹೊಲಿದು ತಂದರೂ ಮೊದಲು ಅದನ್ನು ಒಳಹೊರಗು ಮಾಡುತ್ತಿದ್ದರು. ಮೇಲಿನ ಹೂವನ್ನು ನೋಡುತ್ತಲೇ ಇರಲಿಲ್ಲ. ಅವತ್ತು ಯಾಕೋ ಅವರ ಕೈ ನೆನಪಾಯಿತು. ಇಷ್ಟು ವರ್ಷ ಪೂಜೆಗೆ ಹೊರಗಿನಿಂದ ಒರೆಸಿದ ನಾನು ಒಮ್ಮೆಯೂ ಮೆತ್ತೆ ಬಿಚ್ಚಿ ಒಳಗೆ ನೋಡಿರಲಿಲ್ಲ. ಹೆಲ್ಮೆಟ್ಟನ್ನು ಮಡಿಲಲ್ಲಿ ಬೋರಲು ಹಾಕಿ, ಒಳಗಿನ ಮೆತ್ತೆಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದೆ. ನನ್ನ ಪಂಚೆಯ ದಿಂಬು ಕೈಗೆ ಬಂತು. ಇವರ ತಲೆಯ ಎಣ್ಣೆಯ ವಾಸನೆ ಇನ್ನೂ ಅದರಲ್ಲಿತ್ತು. ಅದರ ಕೆಳಗೆ ಥರ್ಮೋಕೋಲು ಅಪ್ಪಚ್ಚಿಯಾಗಿ ಒಂದು ಗುಳಿ. ಗುಳಿಯಿಂದ ನನ್ನ ಹೆಬ್ಬೆರಳು ಹೋಗುವಷ್ಟು ಬಿರುಕು ನೆತ್ತಿಯವರೆಗೆ. ಒತ್ತಿದರೆ ಕಾಳು ಕಾಳಾಗಿ ಉದುರಿತು.

ಇವರು ಮೂರು ವರ್ಷ, ಅನು ಎಂಟು ತಿಂಗಳು ಇದನ್ನು ಹಾಕಿ ತಿರುಗಿದ್ದರು. ಇವರ ತಲೆಗೆ ಒತ್ತುತ್ತಿದ್ದುದು ಇದೇ. ಅದರ ಮೇಲೆ ಮೆತ್ತಗೆ ಬಟ್ಟೆ ಹೊಲಿದು ಮುಚ್ಚಿದವಳು ನಾನು.

ಅತ್ತೆಯನ್ನು ಎಬ್ಬಿಸಿ ತೋರಿಸಿದೆ. ಅವರು ನೋಡಲು ಒಪ್ಪಲಿಲ್ಲ. "ನೀನು ಅದನ್ನು ಬಿಚ್ಚಿದ್ದೇ ತಪ್ಪು. ಪೂಜೆ ಆದ ವಸ್ತು. ಬೇರೆ ತರುದಿದ್ರೆ ಮೊದ್ಲು ದೇವಿಯ ಹತ್ರ ಹೂ ಕೇಳುವ." ನಮ್ಮ ಕಡೆ ಹೀಗೆ ಕೇಳುವುದುಂಟು: ದೇವರ ಮೇಲೆ ಹೂವಿಟ್ಟು ಕಾಯುವುದು, ಬಲಕ್ಕೆ ಬಿದ್ದರೆ ಹೂಂ, ಎಡಕ್ಕಾದರೆ ಬೇಡ.

ಸೋಮವಾರ ಬೆಳಿಗ್ಗೆ ಹೂವಿಟ್ಟೆವು. ಆರೂವರೆ ಆಯಿತು. ಏಳಾಯಿತು. ಹೂ ಅಲುಗಾಡಲಿಲ್ಲ. ಅನು ತಿಂಡಿ ತಿಂದು, ಸ್ಕಾರ್ಫ್ ಕಟ್ಟಿ, ಹೆಲ್ಮೆಟ್ಟಿಗೆ ಕೈ ಚಾಚಿದಳು. ನಾನು ಇನ್ನೂ ಹೂವನ್ನೇ ನೋಡುತ್ತಿದ್ದೆ. ಇಷ್ಟು ನಂಬಿದವಳಿಗೆ ಒಂದು ಹೂವನ್ನೂ ಬೀಳಿಸದ ದೇವಿಯ ಮೇಲೆ, ಹೇಳಬಾರದು, ಸಿಟ್ಟೇ ಬಂತು. ನಾನು ಹೆಲ್ಮೆಟ್ಟನ್ನು ಎದೆಗೊತ್ತಿ ಹಿಡಿದುಕೊಂಡೆ.

"ಇವತ್ತು ಟ್ರೇನಲ್ಲಿ ಹೋಗು."

"ಅರೇ ಯಾರ್ ಮಮ್ಮಿ, ಲೇಟ್ ಹೋ ಜಾಯೇಗಾ!"

"ಆಗ್ಲಿ. ಸಂಜೆ ಬರುವಾಗ ಕಲ್ಯಾಣದಲ್ಲಿ ಇಳಿ. ನಾನು ಸ್ಟೇಷನ್ ಹತ್ರ ಹೆಲ್ಮೆಟ್ ಅಂಗಡಿಯಲ್ಲಿ ಇರ್ತೇನೆ."

ಅವಳು ಬಾಗಿಲು ಬಡಿದುಕೊಂಡು ಹೋದಳು. ಹೂ ಆಗಲೂ ಬೀಳಲಿಲ್ಲ.

ಸಂಜೆ ಹೆಲ್ಮೆಟ್ಟನ್ನು ಬಟ್ಟೆಯ ಚೀಲದಲ್ಲಿ ಹಾಕಿ ಲೋಕಲ್ ಹತ್ತಿದೆ. ಹೆಂಗಸರ ಡಬ್ಬಿಯಲ್ಲಿ ಸೀಟು ಸಿಕ್ಕಿತು. ಮಡಿಲಲ್ಲಿ ಆ ಭಾರ, ಆ ದುಂಡನೆಯ ಆಕಾರ. ಎದುರು ಕೂತಾಕೆ "ತೆಂಗಿನಕಾಯಿಯಾ?" ಎಂದು ಮರಾಠಿಯಲ್ಲಿ ಕೇಳಿದಳು. ಠಾಕುರ್ಲಿ ದಾಟಿ ಕಲ್ಯಾಣ ಬರುವವರೆಗೂ ಚೀಲದ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದೆ, ಜ್ವರ ಬಂದಾಗ ಇವರ ತಲೆಯ ಮೇಲೆ ಇಡುತ್ತಿದ್ದ ಹಾಗೆ.

ಅಂಗಡಿಯವರು ಬಿಳಿಗಡ್ಡದ ಹಿರಿಯರು. ನಮ್ಮವರು ಬಿದ್ದದ್ದನ್ನು ಕೇಳಿ, ಬಿರುಕನ್ನು ನೋಡಿ ಬೆರಳಾಡಿಸಿದರು. ಹೊರಗಿನ ಕುಂಕುಮದ ಕಲೆಯನ್ನೂ ನೋಡಿದರು. ಹಿಂದಿಯಲ್ಲಿ ನಿಧಾನವಾಗಿ ಹೇಳಿದರು, "ಭಾಭೀಜಿ, ಹೆಲ್ಮೆಟ್ಟು ಒಂದೇ ಏಟು ತಿನ್ನುವುದು. ಸಾಹೇಬರಿಗೆ ಬೀಳಬೇಕಾದ ಏಟನ್ನು ಇದು ತಾನು ತಿಂದು ಅವತ್ತೇ ಸತ್ತಿದೆ. ಸತ್ತದ್ದನ್ನು ಮತ್ತೆ ಕೆಲಸಕ್ಕೆ ಕಳಿಸಬಾರದು."

ಅಷ್ಟರಲ್ಲಿ ಅನು ಬಂದಳು, ಮುಖ ಊದಿಸಿಕೊಂಡೇ. ಅವರು ಅವಳ ಬೆರಳನ್ನು ಗುಳಿಯೊಳಗೆ ಇಡಿಸಿದರು. ಅವಳು ತುಂಬ ಹೊತ್ತು ಬೆರಳು ತೆಗೆಯಲಿಲ್ಲ. "ಪಪ್ಪಾ ಇದನ್ನು ಹಾಕ್ಕೊಂಡು..." ಎಂದಳು.

ಆಮೇಲೆ ಅವರು ಹೊಲಿಗೆಯ ಟೇಪಿನಲ್ಲಿ ಅವಳ ಹುಬ್ಬಿನ ಮೇಲಿಂದ ತಲೆಯ ಸುತ್ತಳತೆ ತೆಗೆದರು. ಮುಖ ಪೂರ್ತಿ ಮುಚ್ಚುವ, ಐಎಸ್‌ಐ ಗುರುತಿನ ನಾಲ್ಕು ಹೆಲ್ಮೆಟ್ಟು ಹಾಕಿಸಿ ನೋಡಿದರು. ಒಂದರಲ್ಲಿ ಅವಳ ಗಲ್ಲ ಎರಡೂ ಉಬ್ಬಿ ಮುಂದೆ ಬಂತು.

"ಟೈಟ್ ಹೈ ಚಾಚಾ! ಮಾತಾಡ್ಲಿಕ್ಕೂ ಆಗೋದಿಲ್ಲ."

"ಅದೇ ಸರಿ ಬೇಟಾ. ಗಾಡಿ ಓಡಿಸುವಾಗ ಮಾತು ಯಾಕೆ?" ಎಂದು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಹೆಲ್ಮೆಟ್ಟಿನ ಜೊತೆಗೆ ಅವಳ ಹಣೆಯ ಚರ್ಮವೂ ಅಲುಗಾಡಿತು. ಹಾಗಿರಬೇಕಂತೆ. ಗದ್ದದ ಪಟ್ಟಿಯ ಕೆಳಗೆ ಒಂದೆರಡು ಬೆರಳು ಮಾತ್ರ ಹೋಗಬೇಕಂತೆ.

ಗಾಡಿ ಓಡಿಸುವಾಗ ಹಾಕುವ ಜಾಕೀಟು ನಾನೇ ಆರಿಸಿದೆ. ಅಲ್ಲಿ ನನಗೆ ಧೈರ್ಯವಿತ್ತು. ಒಂದೊಂದನ್ನೂ ಒಳಹೊರಗು ಮಾಡಿ ಹೊಲಿಗೆ ನೋಡಿದೆ. ಭುಜದಲ್ಲಿ ಒಂದೇ ಸಾಲು ಇದ್ದದ್ದನ್ನು ಬಿಟ್ಟು, ಮೂರು ಸಾಲು ಇದ್ದದ್ದನ್ನು ತೆಗೆದುಕೊಂಡೆ. ಅನುವನ್ನು ಸ್ಟೂಲಿನ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿದ ಹಾಗೆ ಕೈ ಚಾಚಿಸಿ, ತೋಳು ಮಣಿಕಟ್ಟಿನವರೆಗೆ ಬರುತ್ತದೆಯೇ, ಮೊಣಕೈಯ ಗಟ್ಟಿ ಪ್ಯಾಡು ಜಾರುತ್ತದೆಯೇ ಎಂದು ತಿರುಚಿ ನೋಡಿದೆ. ಬೆವರಿಗೆ ಜಾಳಿಗೆಯ ಬಟ್ಟೆ, ದೂರದಿಂದ ಕಾಣಲು ಬೂದು ಬಣ್ಣದ ಮೇಲೆ ಹಳದಿ ಪಟ್ಟಿ. ಬೀಳುವವರು ಮೊದಲು ಕೈ ಊರುತ್ತಾರೆಂದು ಅಂಗೈಯಲ್ಲಿ ಗಟ್ಟಿ ತುಂಡಿರುವ ಕೈಗವಸು. ಕಾಲಿನ ಗಂಟು ಮುಚ್ಚುವ ಬೂಟು. ಅಂಗಡಿಯವರು ನಕ್ಕು, "ಭಾಭೀಜಿ, ನೀವು ಇಲ್ಲೇ ಕೆಲಸಕ್ಕೆ ಬನ್ನಿ," ಎಂದರು.

ಮನೆಯಲ್ಲಿ ಅನು ಎಲ್ಲ ಹಾಕಿ ನಿಂತಾಗ ಅತ್ತೆ ಕನ್ನಡಕ ಏರಿಸಿ ನೋಡಿದರು. "ಇದೆಂತದು, ಮಗಳು ಆಫೀಸಿಗೆ ಹೋಗುದಾ, ಯುದ್ಧಕ್ಕಾ?" ಹಳೆಯದನ್ನು ಮಾತ್ರ ಅವರು ಚೀಲದಿಂದ ತೆಗೆದು ಮತ್ತೆ ಮೊಳೆಗೇ ಹಾಕಿದರು, ಎಸೆಯಲು ಬಿಡಲಿಲ್ಲ. ಆಯುಧಪೂಜೆಗೆ ಎರಡೂ ಕೂತವು.

ಹೊಸದು ತಂದ ಮರುದಿನದಿಂದ ಅನು ಕೆಳಗೆ ಟಾಟಾ ಮಾಡಿ ತಿರುಗಿದಾಗ ಹೆಲ್ಮೆಟ್ಟೂ ತಲೆಯ ಜೊತೆಗೇ ತಿರುಗಿತು. ಯಾರೂ ಹಿಂದೆ ಉಳಿದು ನೋಡಲಿಲ್ಲ. ನಾನು ಕಿಟಕಿಯ ಸರಳು ಹಿಡಿದು ಕಣ್ಣೀರು ಹಾಕಿದೆ. ಮಗಳು ಕ್ಷೇಮವಾಗಿ ಹೋಗುವಾಗ ಅತ್ತದ್ದಕ್ಕೆ ದೇವಿ ಕ್ಷಮಿಸಲಿ.

ದೀಪಾವಳಿ ಕಳೆದ ಮೇಲೆ ಒಂದು ಗುರುವಾರ, ಮಗಳು ಹೊರಟು ಮುಕ್ಕಾಲು ಗಂಟೆಯಾಗಿತ್ತು. ಅನುವಿನ ನಂಬರಿನಿಂದ ಫೋನು, ಯಾರೋ ಗಂಡಸಿನ ದನಿ. "ಕಾಕೂ, ಘಾಬರೂ ನಕಾ." ಗಾಬರಿಯಾಗಬೇಡಿ ಎಂದು ಮರಾಠಿಯಲ್ಲಿ ಹೇಳಿದ್ದೇ ನಾನು ಚಪ್ಪಲಿ ಹುಡುಕತೊಡಗಿದೆ. ರಿಕ್ಷಾವೊಂದು ಅಡ್ಡ ಬಂದಿತ್ತು, ಬದ್ಲಾಪುರ ರಸ್ತೆಯಲ್ಲಿ. ಅಂಬರನಾಥದ ಒಂದು ಆಸ್ಪತ್ರೆಗೆ ಸೇರಿಸಿದ್ದರು.

ಟ್ರೇನು ಕಲ್ಯಾಣದಲ್ಲಿ ನಿಂತಿತು, ವಿಠ್ಠಲವಾಡಿಯಲ್ಲಿ ನಿಂತಿತು, ಉಲ್ಲಾಸನಗರದ ಹೊರಗೆ ಸಿಗ್ನಲಿಗೆ ನಿಂತಿತು. ಆಗಲೇ ದೇವಿಗೆ ಹರಕೆ ಹೇಳಿಕೊಂಡದ್ದು: "ಅವಳು ನನ್ನನ್ನು ಮಮ್ಮಿ ಅಂತ ಕರೆದರೆ, ನನ್ನ ತಪ್ಪು ಸಮೇತ ಎಲ್ಲ ಬರೆದು ನಿನ್ನ ಭಕ್ತರಿಗೆ ತಿಳಿಸುತ್ತೇನೆ."

ಆಸ್ಪತ್ರೆಯ ಕಾರಿಡಾರಿನಲ್ಲಿ ಒಬ್ಬ ನರ್ಸು ಅವಳ ಸಾಮಾನಿನ ಚೀಲ ಕೊಟ್ಟು ಕಾಯಲು ಹೇಳಿದಳು. ಹೆಲ್ಮೆಟ್ಟು ಹೊರಗೆ ತೆಗೆದೆ. ಎಡಗಡೆ, ಕಿವಿಯ ಮೇಲ್ಭಾಗದಲ್ಲಿ, ಅಂಗೈಯಷ್ಟು ಅಗಲ ಬಣ್ಣ ಹೋಗಿ ಬೆಳ್ಳಗಾಗಿತ್ತು. ಅದೇ ಜಾಗ. ಇವರು ತಟ್ಟಿ ತೋರಿಸಿದ ಜಾಗ. ಒಳಗೆ ಬೆರಳು ಹಾಕಿದೆ, ಥರ್ಮೋಕೋಲು ಕುಸಿದಿತ್ತು. ಹಳೆಯದರಲ್ಲಿ ಅಲ್ಲಿ ಕುಸಿಯಲು ಏನೂ ಉಳಿದಿರಲಿಲ್ಲ. ಇದ್ದದ್ದು ನನ್ನ ಪಂಚೆಯ ದಿಂಬು ಮಾತ್ರ.

ಪರದೆಯ ಆಚೆಯಿಂದ ಕೇಳಿತು: "ಮಮ್ಮಿ? ಬಾಹರ್ ಮಮ್ಮಿ ಹೈ ಕ್ಯಾ?"

ಎಡ ಮಣಿಕಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು, ಸೊಂಟಕ್ಕೆ ಪೆಟ್ಟು. ತಲೆಯ ಸ್ಕ್ಯಾನಿನಲ್ಲಿ ಏನೂ ದೋಷವಿಲ್ಲ. ಜಾಕೀಟಿನ ಮೊಣಕೈ ಸವೆದಿತ್ತು, ಭುಜದ ಮೂರು ಸಾಲಿನಲ್ಲಿ ಒಂದು ಸಾಲು ಕಿತ್ತಿತ್ತು, ಎರಡು ಹಿಡಿದಿದ್ದವು.

ಮರುದಿನ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಮೊಮ್ಮಗಳ ದೃಷ್ಟಿ ತೆಗೆದು, ಅವಳ ಹೆಲ್ಮೆಟ್ಟಿನ ಕಡೆ ಕೈ ಚಾಚಿದರು. "ಇದೂ ತಲೆ ಕಾಯ್ತು. ಇಲ್ಲಿ ಕೊಡು. ಇನ್ನು ಇದನ್ನೇ—"

"ಅತ್ತೆ, ಕೈ ಕೊಡಿ," ಎಂದೆ. ಅವರ ಬೆರಳನ್ನು ಒಳಗಿನ ಗುಳಿಗೆ ಇಟ್ಟೆ. ಮೊಳೆಯಿಂದ ಹಳೆಯದನ್ನು ಇಳಿಸಿ ಅದರ ಗುಳಿಗೂ ಇಟ್ಟೆ. ಅವರು ಎರಡನ್ನೂ ಮುಟ್ಟಿದರು. "ಪಾಪ, ದಿವಾಕರ ಒತ್ತುತ್ತದೆ ಅಂತ ಹೇಳ್ತಿದ್ದ," ಎಂದರು. ಎರಡಕ್ಕೂ ಕುಂಕುಮ ಹಚ್ಚಿ, ಕೈ ಮುಗಿದು, ನನ್ನ ಹೊಲಿಗೆಯ ಕತ್ತರಿ ತಂದುಕೊಟ್ಟರು. "ಬೇರೆ ಯಾರೂ ಎತ್ತಿ ಹಾಕಿಕೊಳ್ಳಬಾರದು. ಪಟ್ಟಿ ನೀನೇ ಕತ್ತರಿಸು."

ಗದ್ದದ ಪಟ್ಟಿಗಳನ್ನು ಕತ್ತರಿಸಿದೆ. ಅನುವಿನದು ಬೇಗ ಹೋಯಿತು. ಇವರದು ಬೆವರು ಕುಡಿದು ಗಟ್ಟಿಯಾಗಿತ್ತು. ಮೂರು ಸಲ ಒತ್ತಬೇಕಾಯಿತು.

ಬಂಧುಗಳೇ, ದೇವಿ ಹೂವಿನಲ್ಲಿ ಯಾಕೆ ಉತ್ತರ ಕೊಡಲಿಲ್ಲವೆಂದು ಈಗ ನನಗೆ ತಿಳಿದಿದೆ. ಹಿಂದಿನ ದಿನವೇ ನನ್ನ ಹೆಬ್ಬೆರಳನ್ನು ಬಿರುಕಿನೊಳಗೆ ಇಟ್ಟು ಹೇಳಿಯಾಗಿತ್ತು. ನಾನು ಸತ್ತ ವಸ್ತುವಿನಲ್ಲಿ ಕೂತಿರು ಎಂದು ಬೇಡುತ್ತಿದ್ದೆ. ಆಕೆ ನನ್ನ ಕೈಯಲ್ಲಿ ಬಂದು ಕೂತಳು. ನಿಮ್ಮ ಮನೆಯಲ್ಲೂ ಒಮ್ಮೆ ಬಿದ್ದ ಹೆಲ್ಮೆಟ್ಟು ಪೂಜೆಗೆ ಕೂರುತ್ತಿದ್ದರೆ, ದಯವಿಟ್ಟು ಮೆತ್ತೆ ಬಿಚ್ಚಿ ಒಳಗೆ ನೋಡಿ.

ಪಂಚೆಯ ದಿಂಬನ್ನು ನಾನು ಎಸೆದಿಲ್ಲ; ದೇವರ ಗೂಡಿನಲ್ಲಿದೆ. ಅನು ಈಗ ಮತ್ತೊಂದು ಹೊಸ ಹೆಲ್ಮೆಟ್ಟು ಹಾಕಿ ಹೋಗುತ್ತಾಳೆ. ಏಳೂಕಾಲಕ್ಕೆ ನಾನು ಕಿಟಕಿಗೆ ಬರುತ್ತೇನೆ. ಅವಳು ಕೈ ಬೀಸಿ ತಿರುಗುತ್ತಾಳೆ, ತಲೆ ಮತ್ತು ಹೆಲ್ಮೆಟ್ಟು ಒಟ್ಟಿಗೇ. ಗೇಟಿನ ಆಚೆ ಹೋಗುವವರೆಗೆ ಒಮ್ಮೆಯೂ ಹಿಂತಿರುಗಿ ನೋಡುವುದಿಲ್ಲ. ನಾನು ಖಾಲಿ ರಸ್ತೆಗೆ ಕೈ ಮುಗಿದು, ದೇವಿಯ ಹೆಸರು ಹೇಳಿ, ಒಳಗೆ ಹೋಗಿ ಒಲೆ ಹಚ್ಚುತ್ತೇನೆ.