ಒಂಬತ್ತು ಸಲ ಮುಳುಗಿದ ಚಾಚಾ

ಕೃಷ್ಣಾ ದಂಡೆಯ ತಂಗಡಗಿಯಲ್ಲಿ ನಾನು ನರ್ಸ್ ಆಗಿದ್ದಾಗ ನೆರೆಮನೆಯಲ್ಲಿ ಚಾಚಾ ಒಬ್ಬರಿದ್ದರು. ಹೊಳೆಯ ತಳದಲ್ಲಿ ಪಂಪ್‌ಸೆಟ್ಟಿನ ಪೈಪಿಗೆ ಸಿಕ್ಕ ಕಸ ಬಿಡಿಸುವುದು ಅವರ ಕೆಲಸ. ಅವರು ಮುಳುಗಿದರೆ ದಂಡೆಯ ಮೇಲಿದ್ದ ನನಗೇ ಉಸಿರು ಕಟ್ಟುತ್ತಿತ್ತು.

ಒಂದು ಮುಂಜಾನೆ ಅವರು ನೀರಿಗಿಳಿಯುವ ಮೊದಲು, ರಕ್ತದ ಆಕ್ಸಿಜನ್ ತೋರಿಸುವ ಚಿಕ್ಕ ಯಂತ್ರವನ್ನು ಅವರ ಬೆರಳಿಗೆ ಸಿಕ್ಕಿಸಿದೆ. ತೊಂಬತ್ತೆಂಟು ಇತ್ತು.

"ಉಸಿರು ಹಿಡೀರಿ ಚಾಚಾ," ಅಂದೆ.

ನಿಮಿಷ ಕಳೆದರೂ ಅಂಕಿ ಕದಲಲಿಲ್ಲ. ನಾಡಿ ಮಾತ್ರ ನಿಧಾನವಾಯಿತು. ಎರಡು ನಿಮಿಷಕ್ಕೆ ಅವರು ಉಸಿರಾಡಿದರು. ಅಂಕಿ ಇಳಿದದ್ದು ಆಮೇಲೆ, ಎಂಬತ್ತೆಂಟರ ತನಕ. ನನಗೆ ಗಾಬರಿಯಾಯಿತು. ರಕ್ತದಲ್ಲಿನ ಬದಲಾವಣೆ ಬೆರಳಿನಲ್ಲಿ ತಡವಾಗಿ ಕಾಣುತ್ತದೆ ಎಂದು ಕಲಿತದ್ದು ನೆನಪಾಗುವಷ್ಟರಲ್ಲಿ ಅಂಕಿ ಮತ್ತೆ ಏರಿತ್ತು.

"ಎದಿ ಒದ್ದಾಡಾಕ ಹತ್ತಿದಾಗ ಆಕ್ಸಿಜನ್ ಇನ್ನೂ ಇರ್ತೈತಿ ಚಾಚಾ. ಆದ್ರ ಹಂಗ ತಡದ್ರ ಕಡೀಗಿ ಭರಭರ ಇಳೀತೈತಿ. ಎಚ್ಚರ ತಪ್ಪೂದು ಗೊತ್ತ ಆಗೂದಿಲ್ರಿ."

"ಅದಕ್ಕ ಬೇಟಿ, ಎದಿ ಒಮ್ಮೆ ಒದ್ದಾಡಿದ ಕೂಡ್ಲೇ ನಾ ಮ್ಯಾಲ ಬರ್ತೇನಿ. ಕೆಲಸ ಉಳದಿದ್ರ ಮತ್ತ ಇಳೀತೇನಿ. ನನ್ನ ಸೊಂಟಕ್ಕ ಕಟ್ಟಿದ ಹಗ್ಗ ನಿಮ್ಮ ಚಾಚಿ ಕೈಯಾಗ ಇರ್ತೈತಿ."

ಅವತ್ತು ಒಂದೇ ಪೈಪಿಗಾಗಿ ಅವರು ಒಂಬತ್ತು ಸಲ ಮುಳುಗಿದರು. ಪ್ರತಿ ಸಲ ಮೇಲೆ ಬಂದು ಸಾಕಷ್ಟು ಹೊತ್ತು ಸುಧಾರಿಸಿಕೊಂಡರು. ಪಂಪ್‌ಸೆಟ್ಟಿನ ಹೊಲದವರು ಅವಸರ ಮಾಡಿದರೆ ಚಾಚಿ ಹಗ್ಗ ಹಿಡಿದೇ, "ತಡೀರಿ, ದಮ್ ತಗೋಳಾಕತ್ತಾರ," ಅಂದರು. ಕೊನೆಗೆ ಪೈಪಿನ ಬಾಯಿಗೆ ಸುತ್ತಿಕೊಂಡಿದ್ದ ಮೀನುಬಲೆಯ ತುಂಡು ಚಾಚಾರ ಕೈಯಲ್ಲಿತ್ತು. ಅಷ್ಟು ತಾಳ್ಮೆಯಿಂದ ಕೆಲಸ ಮಾಡುವ ಬೇರೆಯವರನ್ನು ನಾನು ಕಂಡಿಲ್ಲ.